ದಿವಾಳಿ ಅರ್ಜಿಯ ಭಯ: ಕಾನೂನು ಕಿತ್ತುಕೊಳ್ಳುವುದೆಷ್ಟು, ಭಯ ಕಿತ್ತುಕೊಳ್ಳುವುದೆಷ್ಟು?



ಕಳೆದ ಚಾತುರ್ಮಾಸದ ಸಮಯದಲ್ಲಿ ನಮ್ಮೂರಿನ ಎಪಿಎಂಸಿಯ ಕಾಳಿನ ವ್ಯಾಪಾರಿಯೊಬ್ಬರು ರಾತ್ರಿ ನನ್ನ ಮನೆಗೆ ಬಂದರು. ಕೈಯಲ್ಲಿ ಸೀರೆ ಅಂಗಡಿಯ ಒಂದು ಚೀಲ, ಅದರ ತುಂಬ ಲಕೋಟೆಗಳು. ಬ್ಯಾಂಕಿನವು, ವಕೀಲರವು, ನ್ಯಾಯಾಲಯದ ಒಂದೆರಡು ಸಮನ್ಸು. ಅರ್ಧಕ್ಕಿಂತ ಹೆಚ್ಚನ್ನು ಅವರು ಒಡೆದೇ ಇರಲಿಲ್ಲ. ವಕೀಲರು ದಿವಾಳಿ ಅರ್ಜಿ ಹಾಕೋಣ ಎಂದಿದ್ದಾರಂತೆ. ಆ ಮಾತು ಕೇಳಿದಂದಿನಿಂದ ಇವರಿಗೆ ನಿದ್ದೆಯಿಲ್ಲ, ಬೆಳಗಿನ ಜಾವ ಮೂರಕ್ಕೆ ಎದ್ದು ಕೂರುತ್ತಾರೆ. ಬಸದಿಗೆ ಬರುವುದನ್ನೂ ಬಿಟ್ಟಿದ್ದರು.

ಅವರು ನನ್ನನ್ನು ಕೇಳಿದ್ದು ಮೂರೇ ಪ್ರಶ್ನೆ. ನನ್ನನ್ನು ಜೈಲಿಗೆ ಹಾಕುತ್ತಾರಾ? ಹೆಂಡತಿಯ ತಾಳಿ ಬಿಚ್ಚಿಸುತ್ತಾರಾ? ಉಳಿದ ಸಾಲ ಮಗನ ತಲೆಗೆ ಬರುತ್ತದಾ?

ನಾನು ವಕೀಲನಲ್ಲ. ಪಿಯುಸಿ ಓದಿ ಅಪ್ಪನ ಬಟ್ಟೆ ಅಂಗಡಿಯಲ್ಲಿ ಕೂತವನು. ಕೆಲವು ವರ್ಷಗಳಿಂದ ಸಾಲದ ತೊಂದರೆಯಲ್ಲಿ ಸಿಕ್ಕಿಕೊಂಡವರ ಕಾಗದಪತ್ರ ಜೋಡಿಸಿಕೊಡುವುದು, ವಕೀಲರ ಬಳಿ, ಕೋರ್ಟಿಗೆ ಜೊತೆಯಲ್ಲಿ ಹೋಗುವುದು, ಇಷ್ಟು ಸೇವೆ ಮಾಡಿಕೊಂಡು ಬಂದಿದ್ದೇನೆ. ಇದರಲ್ಲಿ ನಾನು ಕಂಡ ಒಂದು ಮಾತಿದೆ. ಕಾನೂನು ಕಿತ್ತುಕೊಳ್ಳುವುದಕ್ಕಿಂತ ಹೆಚ್ಚನ್ನು ಭಯದಲ್ಲಿ ಅವಿತುಕೊಂಡ ತಿಂಗಳುಗಳು ಕಿತ್ತುಕೊಳ್ಳುತ್ತವೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಯಾವ ಕಾನೂನು ಯಾರಿಗೆ?

ಮೊದಲ ಗೊಂದಲ ಇಲ್ಲೇ ಇದೆ. ಟಿವಿಯಲ್ಲಿ, ಪತ್ರಿಕೆಯಲ್ಲಿ ನಾವು ಕೇಳುವುದು 2016ರ ದಿವಾಳಿ ಸಂಹಿತೆಯ ಬಗ್ಗೆ. ದೊಡ್ಡ ದೊಡ್ಡ ಕಂಪನಿಗಳು, ಸಾವಿರಾರು ಕೋಟಿ, ಕಂಪನಿ ಕಾನೂನು ನ್ಯಾಯಮಂಡಳಿ. ನಮ್ಮಂಥ ಅಂಗಡಿಕಾರರು ಅದೇ ನಮಗೂ ಎಂದುಕೊಳ್ಳುತ್ತೇವೆ. ಹಾಗಲ್ಲ.

ಆ ಸಂಹಿತೆಯ ಮೂರನೇ ಭಾಗ ವ್ಯಕ್ತಿಗಳಿಗೆ ಮತ್ತು ಪಾಲುದಾರಿಕೆ ಸಂಸ್ಥೆಗಳಿಗೆ ಎಂದೇ ಬರೆದದ್ದು. ಆದರೆ 2019ರ ಡಿಸೆಂಬರ್ 1ರಿಂದ ಅದು ಜಾರಿಗೆ ಬಂದದ್ದು ಒಂದೇ ವರ್ಗದವರಿಗೆ: ಕಂಪನಿಯ ಸಾಲಕ್ಕೆ ಸ್ವಂತ ಜಾಮೀನು ಹಾಕಿದವರಿಗೆ. ನಿಮ್ಮ ಪ್ರೈವೇಟ್ ಲಿಮಿಟೆಡ್ ಕಂಪನಿಯ ಸಾಲಕ್ಕೆ ನೀವೇ ಜಾಮೀನು ಸಹಿ ಹಾಕಿದ್ದರೆ ನಿಮಗೆ ಇದು ಅನ್ವಯ. ಈ ಕ್ರಮವನ್ನು ಸುಪ್ರೀಂ ಕೋರ್ಟ್ 2021ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. 2023ರ ನವೆಂಬರ್ 9ರಂದು ಜಾಮೀನುದಾರರ ವಿಚಾರಣೆಯ ವಿಧಾನವನ್ನೂ ಒಪ್ಪಿತು.

ಉಳಿದವರ ಗತಿ? ಒಬ್ಬರೇ ನಡೆಸುವ ಅಂಗಡಿ, ಪಾಲುದಾರಿಕೆಯ ದಲ್ಲಾಳಿ ಮಂಡಿ, ಸಂಬಳದಾರ, ಇವರಿಗೆಲ್ಲ ಇಂದಿಗೂ 1920ರ ಪ್ರಾಂತೀಯ ದಿವಾಳಿತನ ಕಾಯ್ದೆಯೇ ಗತಿ. ಬ್ರಿಟಿಷರ ಕಾಲದ್ದು, ನಡೆಯುವುದು ಜಿಲ್ಲಾ ನ್ಯಾಯಾಲಯದಲ್ಲಿ. ನಮ್ಮ ಹಿರಿಯರು 'ಪಾಪರ್ ಚೀಟಿ ತಗೊಂಡ' ಎನ್ನುತ್ತಿದ್ದುದು ಇದಕ್ಕೇ. ಎಷ್ಟು ಹಳೆಯದು ಎಂದರೆ, 500 ರೂಪಾಯಿ ಸಾಲವಿದ್ದರೆ ಅರ್ಜಿ ಹಾಕಬಹುದು ಎಂದು ಅದರಲ್ಲಿದೆ. ಅಂಗಡಿಯ ಗುಮಾಸ್ತನ ಬಾಕಿ ಸಂಬಳಕ್ಕೆ ಮೊದಲ ಆದ್ಯತೆ ಕೊಡಬೇಕು ಎಂದು ಹೇಳಿ, ಅದಕ್ಕೆ ಮಿತಿಯನ್ನು 20 ರೂಪಾಯಿ ಎಂದು ಬರೆದಿದ್ದಾರೆ!

2016ರ ಸಂಹಿತೆಯಲ್ಲಿ ಬಡವರಿಗೆ 'ಹೊಸ ಆರಂಭ' ಎಂಬ ದಾರಿಯೂ ಇದೆ. ವರ್ಷದ ಆದಾಯ 60,000 ರೂಪಾಯಿ, ಆಸ್ತಿ 20,000, ಸಾಲ 35,000 ಮೀರದವರಿಗೆ, ಸ್ವಂತ ಮನೆ ಇಲ್ಲದವರಿಗೆ, ಸಾಲ ಮನ್ನಾ ಮಾಡಿಸಿಕೊಳ್ಳುವ ವ್ಯವಸ್ಥೆ. ಅದೂ ಕಾಗದದಲ್ಲೇ ಉಳಿದಿದೆ. 2025ರ ಆಗಸ್ಟ್ 12ರಂದು ತಿದ್ದುಪಡಿ ಮಸೂದೆಯೊಂದು ಲೋಕಸಭೆಯಲ್ಲಿ ಮಂಡನೆಯಾಗಿ ಆಯ್ಕೆ ಸಮಿತಿಗೆ ಹೋಯಿತು. ಅದರಲ್ಲೂ ಹೆಚ್ಚಿನ ಗಮನ ಕಂಪನಿಗಳ ಕಡೆಗೇ. ದೊಡ್ಡವರಿಗೆ ಹೊಸ ಕಾನೂನು, ಚಿಕ್ಕವರಿಗೆ ನೂರು ವರ್ಷದ ಹಳೆಯ ಕಾನೂನು. ಜನರಿಗೆ ಭಯವಾಗಲು ಇದೂ ಒಂದು ಕಾರಣ. ಯಾರೂ ಹೋಗದ ದಾರಿಯ ಬಗ್ಗೆ ಊರಲ್ಲಿ ಕಥೆಗಳು ಹೆಚ್ಚು.

ಮೂರು ಪ್ರಶ್ನೆಗಳಿಗೆ ಉತ್ತರ

ಜೈಲು: ಸಾಲ ತೀರಿಸಲು ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ಜೈಲಿಲ್ಲ. ಹಣದ ಡಿಕ್ರಿಗಾಗಿ ಸಾಲಗಾರನನ್ನು ಸಿವಿಲ್ ಬಂಧನದಲ್ಲಿ ಇಡಬೇಕಾದರೆ ಅವನು ಆಸ್ತಿ ಬಚ್ಚಿಟ್ಟಿದ್ದಾನೆ, ಓಡಿಹೋಗುವವನಿದ್ದಾನೆ, ಅಥವಾ ಕೊಡುವ ಶಕ್ತಿ ಇದ್ದೂ ಕೊಡುತ್ತಿಲ್ಲ ಎಂಬಂಥ ಕಾರಣ ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಬಡತನ ಅಪರಾಧವಲ್ಲ ಎಂಬ ಅರ್ಥದ ತೀರ್ಪನ್ನು ಸುಪ್ರೀಂ ಕೋರ್ಟ್ 1980ರಲ್ಲೇ ಕೊಟ್ಟಿದೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಹಳೆಯ ಕಾಯ್ದೆಯಲ್ಲಿ ದಿವಾಳಿ ಎಂದು ಆದೇಶವಾದವನು ಬಂಧನದಿಂದ ರಕ್ಷಣೆ ಕೊಡಿ ಎಂದು ಅದೇ ನ್ಯಾಯಾಲಯಕ್ಕೆ ಕೇಳಿಕೊಳ್ಳಬಹುದು. ಆದರೆ ಒಂದು ಎಚ್ಚರಿಕೆ. ಚೆಕ್ ಬೌನ್ಸ್ ಬೇರೆ ವಿಷಯ, ಅದು ಕ್ರಿಮಿನಲ್ ಪ್ರಕರಣ. ಜಾಮೀನುದಾರ ದಿವಾಳಿ ಅರ್ಜಿ ಹಾಕಿದ ಮಾತ್ರಕ್ಕೆ ಚೆಕ್ ಕೇಸು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಆ ಸಮನ್ಸು ಬಂದರೆ ಒಂದು ದಿನವೂ ತಪ್ಪಿಸಬೇಡಿ.

ತಾಳಿ: ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿ ಇದೆ. ಸಾಲಗಾರ, ಹೆಂಡತಿ, ಮಕ್ಕಳ ಉಡುವ ಬಟ್ಟೆ, ಹಾಸಿಗೆ, ಅಡುಗೆಯ ಪಾತ್ರೆ, ಧಾರ್ಮಿಕ ಪದ್ಧತಿಯಂತೆ ಹೆಂಗಸರು ತೆಗೆಯಬಾರದ ಒಡವೆ, ಕಸುಬುದಾರನ ಸಲಕರಣೆ, ಲೆಕ್ಕದ ಪುಸ್ತಕ, ಪಿಪಿಎಫ್ ಹಣ, ಜೀವ ವಿಮೆಯ ಹಣ. ದಿವಾಳಿಯಾದಾಗಲೂ ಇವು ರಿಸೀವರ್ ಕೈಗೆ ಹೋಗುವುದಿಲ್ಲ. ಕಂಪನಿ ಜಾಮೀನುದಾರರಿಗೆ ಹೊಸ ನಿಯಮದಲ್ಲಿ ಅಂಥ ಒಡವೆಗೆ 1 ಲಕ್ಷ ರೂಪಾಯಿಯ ಮಿತಿ ಇದೆ. ಅಡವಿಡದ ಒಂದು ವಾಸದ ಮನೆಗೆ ನಗರದಲ್ಲಿ 20 ಲಕ್ಷ, ಹಳ್ಳಿಯಲ್ಲಿ 10 ಲಕ್ಷದವರೆಗೆ ರಕ್ಷಣೆ ಇದೆ. ಹಳೆಯ ಕಾಯ್ದೆಯಡಿ ವ್ಯಾಪಾರಿಯ ಮನೆಗೆ ಇಂಥ ರಕ್ಷಣೆ ಇಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು, ಏಕೆಂದರೆ ಮನೆ ಉಳಿಸಿಕೊಳ್ಳಬೇಕೆನ್ನುವವರು ಅರ್ಜಿಗೆ ಮೊದಲೇ ಸಂಧಾನದ ದಾರಿ ನೋಡಬೇಕಾಗುತ್ತದೆ.

ಮಗ: ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಾದ ನಮಗೂ ಅನ್ವಯ. 2005ರ ತಿದ್ದುಪಡಿಯ ಪ್ರಕಾರ, ಆ ವರ್ಷದ ಸೆಪ್ಟೆಂಬರ್ 9ರ ನಂತರ ತಂದೆ ಮಾಡಿದ ಸಾಲಕ್ಕೆ, ತಂದೆಯ ಋಣ ತೀರಿಸುವುದು ಮಗನ ಧರ್ಮ ಎಂಬ ಕಾರಣವೊಂದರಿಂದಲೇ ಮಗನ ಮೇಲೆ ಹೋಗುವಂತಿಲ್ಲ. ತಂದೆ ತೀರಿಕೊಂಡರೆ ಅವರು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ ಜವಾಬ್ದಾರಿ. ಮಗನೇ ಪಾಲುದಾರನಾಗಿದ್ದರೆ ಅಥವಾ ಜಾಮೀನು ಸಹಿ ಹಾಕಿದ್ದರೆ ಮಾತು ಬೇರೆ. ಹಾಗಾಗಿ ಮೊದಲು ನೋಡಬೇಕಾದ್ದು ಯಾವ ಕಾಗದಕ್ಕೆ ಯಾರ ಸಹಿ ಇದೆ ಎಂಬುದನ್ನು.

ಆ ರಾತ್ರಿ ಈ ಮೂರು ಉತ್ತರ ಕೇಳಿದ ಮೇಲೆ ಅವರು ಒಂದು ಲೋಟ ನೀರು ಕೇಳಿ ಕುಡಿದರು. ಮೂರು ತಿಂಗಳಿಂದ ಈ ಪ್ರಶ್ನೆಗಳನ್ನು ವಕೀಲರಿಗೂ ಕೇಳಿರಲಿಲ್ಲ, ನಾಚಿಕೆ.

ನಿಜವಾಗಿ ಏನು ಹೋಗುತ್ತದೆ?

ಸುಳ್ಳು ಧೈರ್ಯ ಕೊಡಬಾರದು. ದಿವಾಳಿ ಎಂದು ಆದೇಶವಾದರೆ ರಕ್ಷಿತ ವಸ್ತುಗಳನ್ನು ಬಿಟ್ಟು ಉಳಿದ ಆಸ್ತಿ ನ್ಯಾಯಾಲಯದ ಅಥವಾ ರಿಸೀವರ್ ವಶಕ್ಕೆ ಹೋಗುತ್ತದೆ. ಅಡವು ಹಿಡಿದ ಬ್ಯಾಂಕಿನ ಹಕ್ಕು ಹಾಗೇ ಇರುತ್ತದೆ. ಬಿಡುಗಡೆ ಸಿಗುವವರೆಗೆ ಕಂಪನಿಯ ನಿರ್ದೇಶಕನಾಗುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಬಿಡುಗಡೆಯಾದ ಮೇಲೂ ಸರ್ಕಾರದ ಬಾಕಿ ಮತ್ತು ಮೋಸದಿಂದ ಮಾಡಿದ ಸಾಲ ಅಳಿಸಿಹೋಗುವುದಿಲ್ಲ. ಆದೇಶದಲ್ಲಿ ಕೊಟ್ಟ ಅವಧಿಯೊಳಗೆ ಬಿಡುಗಡೆಗೆ ಅರ್ಜಿ ಹಾಕದಿದ್ದರೆ ದಿವಾಳಿ ಆದೇಶವೇ ರದ್ದಾಗುತ್ತದೆ, ಪಟ್ಟ ಕಷ್ಟವೆಲ್ಲ ನೀರಲ್ಲಿ ಹೋಮ.

ಸಿಗುವುದೂ ಇದೆ. ಆದೇಶವಾದ ಮೇಲೆ ಅಡವಿಲ್ಲದ ಸಾಲಗಾರರು ನ್ಯಾಯಾಲಯದ ಅನುಮತಿ ಇಲ್ಲದೆ ಹೊಸ ದಾವೆ ಹೂಡುವಂತಿಲ್ಲ. ಎಲ್ಲರ ಲೆಕ್ಕವೂ ಒಂದೇ ಕಡೆ ಬರುತ್ತದೆ. ಸಾಲ ಕೊಟ್ಟವರಲ್ಲಿ ಸಂಖ್ಯೆಯಲ್ಲಿ ಬಹುಮತ, ಮೊತ್ತದಲ್ಲಿ ನಾಲ್ಕರಲ್ಲಿ ಮೂರು ಪಾಲಿನವರು ಒಪ್ಪಿ, ನ್ಯಾಯಾಲಯವೂ ಸರಿ ಎಂದರೆ ರಾಜಿ ಮಾಡಿಕೊಳ್ಳುವ ಅವಕಾಶವೂ ಆ ಕಾಯ್ದೆಯಲ್ಲೇ ಇದೆ.

ಇನ್ನೊಂದು ಮಾತನ್ನು ನಮ್ಮವರು ಯೋಚಿಸಬೇಕು. ದಿವಾಳಿ ಅರ್ಜಿ ಎಂದರೆ ಕೈ ಎತ್ತುವುದು, ಸಾಲ ಕೊಟ್ಟವರಿಗೆ ನಾಮ ಹಾಕುವುದು ಎಂಬ ಮಾತಿದೆ. ಅರ್ಜಿ ಹಾಕದೆ ಇದ್ದರೆ ಏನಾಗುತ್ತದೆ ನೋಡಿ. ಗಟ್ಟಿಯಾಗಿ ಕೂಗಾಡಿದವರಿಗೆ, ಮನೆಯ ಮುಂದೆ ಆಳು ಕೂರಿಸಿದವರಿಗೆ ಮೊದಲು ಹಣ ಹೋಗುತ್ತದೆ. ನಂಬಿ ಎರಡು ಲಕ್ಷ ಇಟ್ಟ ವಿಧವೆ ಅಕ್ಕನಿಗೆ, ಹಮಾಲಿ ಮಾಡಿ ಉಳಿಸಿ ಕೊಟ್ಟವನಿಗೆ ಕೊನೆಗೆ ಏನೂ ಉಳಿದಿರುವುದಿಲ್ಲ. ನ್ಯಾಯಾಲಯದ ಮೂಲಕ ಹಂಚಿದರೆ ಒಂದೇ ದರ್ಜೆಯ ಸಾಲಗಾರರಿಗೆಲ್ಲ ಅವರವರ ಮೊತ್ತಕ್ಕೆ ತಕ್ಕ ಪಾಲು. ರೂಪಾಯಿಗೆ 30 ಪೈಸೆ ಸಿಕ್ಕರೂ ಎಲ್ಲರಿಗೂ 30 ಪೈಸೆಯೇ. ಅಚೌರ್ಯ ಎಂದರೆ ಬರೀ ಕದಿಯದೆ ಇರುವುದಲ್ಲ, ಬಡವನ ಪಾಲನ್ನು ಬಲ್ಲಿದನಿಗೆ ಕೊಡದೆ ಇರುವುದೂ ಹೌದು ಎಂದು ನಾನು ತಿಳಿದಿದ್ದೇನೆ.

ಭಯ ಮಾಡಿಸುವ ತಪ್ಪುಗಳು

ನನ್ನದೇ ಕಥೆ ಹೇಳುತ್ತೇನೆ. 2011ರಲ್ಲಿ ಗೆಳೆಯರೊಬ್ಬರ ಸಾಲಕ್ಕೆ ನನ್ನ ಮಳಿಗೆಯ ಪತ್ರ ಅಡವಿಟ್ಟು ಜಾಮೀನು ನಿಂತೆ. 2014ರಲ್ಲಿ ಸರ್ಫೇಸಿ ಕಾಯ್ದೆಯ 60 ದಿನದ ನೋಟಿಸು ಬಂತು. ಓದಿದೆ, ಕೈ ತಣ್ಣಗಾಯಿತು. ಅದನ್ನು ಗೋಡೆಯ ಪಂಚಾಂಗದ ಹಿಂದೆ ಸಿಕ್ಕಿಸಿಟ್ಟು 41 ದಿನ ಮನೆಯಲ್ಲಿ ಬಾಯಿ ಬಿಡಲಿಲ್ಲ. ಆ ನೋಟಿಸಿಗೆ ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನದಲ್ಲಿ ಉತ್ತರಿಸಬೇಕು, ಸ್ವಾಧೀನದ ಕ್ರಮ ಕೈಗೊಂಡರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು ಎಂಬುದು ನನಗೆ ಗೊತ್ತೇ ಇರಲಿಲ್ಲ. ಕೊನೆಯ 19 ದಿನದಲ್ಲಿ ಮಗಳ ಮದುವೆಗೆಂದು ಇಟ್ಟಿದ್ದ ನಿವೇಶನವನ್ನು ಸಿಕ್ಕಿದ ಬೆಲೆಗೆ ಮಾರಿ ಮಳಿಗೆ ಉಳಿಸಿಕೊಂಡೆ. ಬ್ಯಾಂಕಿನ ಮೇಲೆ ನನಗೆ ದೂರಿಲ್ಲ. ಆ ನಷ್ಟ ನನ್ನ 41 ದಿನದ ಮೌನದ್ದು. ಮನೆಯವಳು ಆಮೇಲೆ ಕೇಳಿದ್ದು ಒಂದೇ ಮಾತು, ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂದು. ಇವತ್ತಿಗೂ ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಬೇರೆಯವರಲ್ಲಿ ಕಂಡ ತಪ್ಪುಗಳು ಹೀಗಿವೆ:

- ಬ್ಯಾಂಕಿನ ಕಂತು ಕಟ್ಟಲು ತಿಂಗಳಿಗೆ ನೂರಕ್ಕೆ ಮೂರು, ಐದರ ಬಡ್ಡಿಗೆ ಕೈಸಾಲ ತರುವುದು. ಸಾಲ ಕಡಿಮೆಯಾಗುವುದಿಲ್ಲ, ಸಾಲ ಕೊಟ್ಟವರು ಮಾತ್ರ ಒರಟರಾಗುತ್ತಾರೆ.
- ರಾತ್ರೋರಾತ್ರಿ ಮನೆಯನ್ನು ಹೆಂಡತಿಯ ಅಥವಾ ಅಳಿಯನ ಹೆಸರಿಗೆ ಮಾಡುವುದು. ಅರ್ಜಿಗೆ ಹಿಂದಿನ ಎರಡು ವರ್ಷದೊಳಗಿನ ಇಂಥ ವರ್ಗಾವಣೆಯನ್ನು ನ್ಯಾಯಾಲಯ ರದ್ದು ಮಾಡಬಹುದು. ಪ್ರಾಮಾಣಿಕನೂ ಮೋಸಗಾರನಂತೆ ಕಾಣಿಸುತ್ತಾನೆ.
- ಭಾವನಿಗೆ, ಅಣ್ಣನಿಗೆ ಮಾತ್ರ ಪೂರ್ತಿ ತೀರಿಸಿ ಮರುವಾರ ಅರ್ಜಿ ಹಾಕುವುದು. ಮೂರು ತಿಂಗಳೊಳಗಿನ ಇಂಥ ಪಕ್ಷಪಾತದ ಪಾವತಿಯನ್ನೂ ಪ್ರಶ್ನಿಸಬಹುದು.
- ಲೆಕ್ಕದ ಪುಸ್ತಕ ಸುಡುವುದು, ಬಚ್ಚಿಡುವುದು. ಇದು ಅಪರಾಧ. ನಿಜವಾಗಿ ಜೈಲಿಗೆ ದಾರಿ ಇದೇ.

ಮನಸ್ಸು ಹಿಡಿತಕ್ಕೆ ತರುವುದು ಹೇಗೆ?

ನಾನು ಕಂಡು, ಪಟ್ಟು ಕಲಿತದ್ದನ್ನು ಹೇಳುತ್ತೇನೆ.

ಮೊದಲು ಎಲ್ಲ ಲಕೋಟೆ ಒಡೆಯಿರಿ. ಒಬ್ಬರೇ ಬೇಡ, ಜೊತೆಗೊಬ್ಬರಿರಲಿ. ದಿನಾಂಕದ ಪ್ರಕಾರ ಜೋಡಿಸಿ, ಒಂದು ಹಾಳೆಯಲ್ಲಿ ಐದು ಕಲಮು ಮಾಡಿ: ಯಾರಿಗೆ, ಎಷ್ಟು ಅಸಲು, ಎಷ್ಟು ಬಡ್ಡಿ, ಏನು ಅಡವು, ಮುಂದಿನ ತಾರೀಖು ಯಾವುದು. ಆ ಕಾಳಿನ ವ್ಯಾಪಾರಿ ತಮ್ಮ ಸಾಲ 60 ಲಕ್ಷ ದಾಟಿದೆ ಎಂದು ನಂಬಿದ್ದರು. ಬರೆದಾಗ ಬಂದದ್ದು 11 ಜನರಿಗೆ 43 ಲಕ್ಷ. ಮನಸ್ಸಿನಲ್ಲಿದ್ದ ಸಾಲಕ್ಕೆ ಲೆಕ್ಕವಿರಲಿಲ್ಲ, ಹಾಳೆಯ ಮೇಲಿನ ಸಾಲಕ್ಕೆ ಲೆಕ್ಕ ಬಂತು.

ಹೊತ್ತು ನಿಗದಿ ಮಾಡಿ. ಸಾಮಾಯಿಕಕ್ಕೆ 48 ನಿಮಿಷ ಕುಳಿತು ನಮಗೆ ರೂಢಿ ಇದೆ. ಸಾಲದ ಕೆಲಸಕ್ಕೂ ಬೆಳಿಗ್ಗೆ ಅಷ್ಟೇ ಹೊತ್ತು ಇಡಿ. ಫೋನು, ಪತ್ರ, ವಕೀಲರ ಕೆಲಸ ಎಲ್ಲ ಅದರಲ್ಲೇ. ರಾತ್ರಿ ಮೂರಕ್ಕೆ ಎಚ್ಚರವಾದರೆ ನೆನಪಾದದ್ದನ್ನು ಚೀಟಿಯಲ್ಲಿ ಬರೆದಿಟ್ಟು ಬೆಳಗಿನ ಹೊತ್ತಿಗೆ ಬಿಡಿ. ಆ ಹೊತ್ತಿನಲ್ಲಿ ತೀರ್ಮಾನ ಬೇಡ.

ನ್ಯಾಯಾಲಯವನ್ನು ಮೊದಲೇ ನೋಡಿ ಬನ್ನಿ. ಬಹುತೇಕ ವಿಚಾರಣೆ ತೆರೆದ ನ್ಯಾಯಾಲಯದಲ್ಲೇ ನಡೆಯುತ್ತದೆ, ಹಿಂದಿನ ಬೆಂಚಿನಲ್ಲಿ ಅರ್ಧ ದಿನ ಕೂರಬಹುದು. ಹೆಚ್ಚಿನ ಪ್ರಕರಣ ಎರಡು ನಿಮಿಷದಲ್ಲಿ ಮುಂದಕ್ಕೆ ಹೋಗುವುದನ್ನು ನೋಡಿದರೆ ಎದೆ ಬಡಿತ ತಾನಾಗಿ ಇಳಿಯುತ್ತದೆ. ವಿಚಾರಣೆಯಲ್ಲಿ ನಿಮ್ಮನ್ನು ಕೇಳುವುದು ಆಸ್ತಿ ಎಷ್ಟು, ಸಾಲ ಎಷ್ಟು, ಹೇಗೆ ಆಯಿತು ಎಂದು. ನಿಜ ಬರೆದ ಹಾಳೆ ಕೈಯಲ್ಲಿದ್ದರೆ ಅದನ್ನು ನೋಡಿ ಹೇಳಿದರಾಯಿತು.

ವಸೂಲಿಯವರ ಕಾಟಕ್ಕೆ ಮಿತಿ ಇದೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನು ಮಾಡಬಾರದು, ಬೆದರಿಸಬಾರದು, ಊರ ಮುಂದೆ ಮಾನ ಕಳೆಯಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ನೋಂದಣಿ ಇಲ್ಲದ ಕಿರುಸಾಲದವರು, ಬಡ್ಡಿಯವರು ಮಾಡುವ ದೌರ್ಜನ್ಯಕ್ಕೆ ಕರ್ನಾಟಕ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಫೋನು ಬಂದ ಹೊತ್ತು, ಆಡಿದ ಮಾತು ಬರೆದಿಡಿ.

ದಿವಾಳಿ ಅರ್ಜಿಯೇ ಮೊದಲ ಮೆಟ್ಟಿಲಲ್ಲ. ಬ್ಯಾಂಕಿನ ಜೊತೆ ಒಂದೇ ಕಂತಿನ ಇತ್ಯರ್ಥ, ಲೋಕ ಅದಾಲತ್ ಇವೆ. ಲೋಕ ಅದಾಲತ್ತಿನ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ, ಆದ್ದರಿಂದ ಕಟ್ಟಲು ಆಗುವ ಮೊತ್ತಕ್ಕೆ ಮಾತ್ರ ಒಪ್ಪಿ. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು, ಹೆಂಗಸರಿಗೆ ಆದಾಯದ ಮಿತಿಯೂ ಇಲ್ಲ.

ಊಟ ಬಿಟ್ಟರೆ, ಮಾತು ಬಿಟ್ಟರೆ, ನಾನಿಲ್ಲದಿದ್ದರೆ ಎಲ್ಲ ಸರಿಹೋಗುತ್ತದೆ ಎಂಬಂಥ ಮಾತು ಬಂದರೆ ಮನೆಯವರು ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ 14416 ಸಂಖ್ಯೆ ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ವೈದ್ಯರ ಬಳಿ ಕರೆದೊಯ್ಯುವುದು ಅವಮಾನವಲ್ಲ. ಸಾಲಕ್ಕೆ ಕಂತು ಕಟ್ಟಬಹುದು, ಹೋದ ಜೀವಕ್ಕೆ ಕಂತಿಲ್ಲ.

ನಾವೇನು ಮಾಡಬೇಕು?

ಸರ್ಕಾರ ಮಾಡಬೇಕಾದ್ದು ಸ್ಪಷ್ಟ. ಇಷ್ಟು ವರ್ಷ ಕಳೆದರೂ ಪೂರ್ತಿಯಾಗಿ ಜಾರಿಯಾಗದ ಆ ಮೂರನೇ ಭಾಗವನ್ನು ಸಣ್ಣ ವ್ಯಾಪಾರಿಗಳಿಗೂ ತರಬೇಕು, ಮಿತಿಗಳನ್ನು ಇಂದಿನ ಬೆಲೆಗೆ ಏರಿಸಬೇಕು. ವ್ಯಾಪಾರಿ ಸಂಘಗಳು ಇದನ್ನು ಕೇಳಬೇಕು. ಜಿಎಸ್‌ಟಿ ಬಗ್ಗೆ ಮನವಿ ಕೊಡುತ್ತೇವೆ, ಈ ಬಗ್ಗೆ ಒಂದು ಮನವಿ ಕೊಟ್ಟದ್ದನ್ನು ನಾನು ಕಂಡಿಲ್ಲ. ಕೇಳಿದರೆ ನಮಗೇ ಅಪಶಕುನ ಎಂಬ ಅಂಜಿಕೆ ಇರಬೇಕು.

ಸಮಾಜ ಮಾಡಬೇಕಾದ್ದೂ ಇದೆ. ವ್ಯಾಪಾರ ಬಿದ್ದವನು ಮೊದಲು ಬಿಡುವುದು ಬಸದಿ, ಆಮೇಲೆ ಮದುವೆ ಮುಂಜಿ. ಅಲ್ಲಿ ಎಲ್ಲರೂ ಕೇಳುತ್ತಾರೆ ಎಂದು. ಪಂಚಕಲ್ಯಾಣದಲ್ಲಿ ಸವಾಲು ಕೂಗಿದ ಹಣ ಬಾಕಿ ಇದ್ದರೆ ಮುಖ ತೋರಿಸುವುದೇ ಇಲ್ಲ. ಅಂಥವರ ಬಾಕಿಯನ್ನು ಸಭೆಯಲ್ಲಿ ಓದದೆ ಇರೋಣ. ಬಸದಿಯ ಮೆಟ್ಟಿಲ ಮೇಲೆ ವಸೂಲಿ ಮಾತು ಬೇಡ. ಪ್ರತಿ ಊರಿನಲ್ಲಿ ಲೆಕ್ಕ ಬಲ್ಲ ಇಬ್ಬರು, ಒಬ್ಬ ವಕೀಲರು ತಿಂಗಳಿಗೊಂದು ದಿನ ಕುಳಿತರೆ ಸಾಕು, ಎಷ್ಟೋ ಲಕೋಟೆಗಳು ಸಮಯಕ್ಕೆ ಒಡೆಯುತ್ತವೆ. ಮೋಸಗಾರರಿಗೆ ನೆರಳು ಕೊಡಿ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ತೆರೆದಿಟ್ಟವನಿಗೆ ಕುರ್ಚಿ ಕೊಡಿ ಎನ್ನುತ್ತಿದ್ದೇನೆ.

ಆ ಕಾಳಿನ ವ್ಯಾಪಾರಿಯ ಬ್ಯಾಂಕ್ ಸಾಲ ಲೋಕ ಅದಾಲತ್ತಿನಲ್ಲಿ ಇತ್ಯರ್ಥವಾಯಿತು, ಗೋದಾಮು ಹೋಯಿತು. ಉಳಿದ ಕೈಸಾಲಗಳಿಗೆ ಜಿಲ್ಲಾ ನ್ಯಾಯಾಲಯದಲ್ಲಿ ಅರ್ಜಿ ನಡೆಯುತ್ತಿದೆ, ಇನ್ನೂ ಮುಗಿದಿಲ್ಲ. ಮನೆಯ ವಿಷಯ ಏನಾಗುತ್ತದೋ ಹೇಳಲಾಗದು. ಅವರು ಈಗ ಬೇರೊಬ್ಬರ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಕಳೆದ ತಾರೀಖಿಗೆ ನಾನು ಜೊತೆಗೆ ಹೋಗಬೇಕಿತ್ತು, ಅಂಗಡಿಯಲ್ಲಿ ಕೆಲಸವಿತ್ತು. ಪರವಾಗಿಲ್ಲ, ದಾರಿ ಗೊತ್ತಿದೆ ಎಂದು ಹೇಳಿ ಒಬ್ಬರೇ ಹೋಗಿಬಂದರು.